ವಿಜಯಪುರದಲ್ಲಿ ಒಂದು ಹಗಲು

ಕಳೆದ ತಿಂಗಳು ಈ ಪುಟದಲ್ಲಿ ಮನೆಯ ಹಿತ್ತಲಿನ ವಿಚಾರವಾಗಿ ನಾಲ್ಕು ಮಾತು ಬರೆದಿದ್ದೆನಷ್ಟೆ. ಈ ಸಲ ಮನೆಗೆ ಬೀಗ ಹಾಕಿ ಹೊರಟ ವೃತ್ತಾಂತವನ್ನು ವಾಚಕ ಮಹಾಶಯರಲ್ಲಿ ಅರಿಕೆಮಾಡಿಕೊಳ್ಳುತ್ತೇನೆ. ದೇಶಾಟನವು ಜ್ಞಾನಕ್ಕೆ ಸಾಧನವೆಂದು ಹಿರಿಯರು ಹೇಳುವುದುಂಟು. ಆದರೆ ದೇಶವನ್ನು ನೋಡಲು ಹೋದವನಿಗೆ ತನ್ನ ವಿಷಯವಾಗಿಯೇ ಜ್ಞಾನವುಂಟಾಗಬಹುದೆಂಬುದನ್ನು ನಾನು ಅರವತ್ತನೆಯ ವಯಸ್ಸಿನಲ್ಲಿ ಕಲಿತೆನು.

ನಾನು ಮೂವತ್ತಕ್ಕಿಂತ ಹೆಚ್ಚು ವರ್ಷಗಳ ಕಾಲ ಪಾಠಶಾಲೆಯಲ್ಲಿ ಗೋಲಗುಂಬಜದ ಪಾಠವನ್ನು ಹೇಳಿದವನು. ಕರೀಹಲಗೆಯ ಮೇಲೆ ಒಂದು ಚೌಕವನ್ನು ಬರೆದು, ಅದರ ತಲೆಯಮೇಲೆ ಅರ್ಧವೃತ್ತವನ್ನಿಟ್ಟು, ನಾಲ್ಕು ಮೂಲೆಗಳಲ್ಲಿ ನಾಲ್ಕು ಗೋಪುರಗಳನ್ನು ನಿಲ್ಲಿಸಿ, "ಇಲ್ಲಿ ಒಮ್ಮೆ ಕೂಗಿದರೆ ಏಳು ಸಲ ಕೇಳಿಸುತ್ತದೆ" ಎಂದು ಹೇಳಿ ಮುಗಿಸುತ್ತಿದ್ದೆನು. ಅದನ್ನು ಕಣ್ಣಾರೆ ನೋಡಿರಲಿಲ್ಲ. ನೋಡಬೇಕೆಂದು ನನ್ನ ಮನೆಯಾಕೆ ಮದುವೆಯಾದ ಎರಡನೆಯ ವರ್ಷದಲ್ಲಿಯೇ ಹೇಳಿದ್ದಳು. ಒಂದು ವರ್ಷ ತಂಗಿಯ ಮದುವೆ, ಒಂದು ವರ್ಷ ಮನೆಯ ಮಾಡಿನ ರಿಪೇರಿ, ಆಮೇಲೆ ಮಕ್ಕಳ ಪರೀಕ್ಷೆಗಳು. ಹೀಗೆ ಪ್ರಯಾಣವು ಮುಂದಕ್ಕೆ ಹೋಗುತ್ತಲೇ ಇದ್ದಿತು. ಕಡೆಗೆ ಈ ಮಾಘಮಾಸದಲ್ಲಿ, ಮಗನು ಟಿಕೆಟ್ಟುಗಳನ್ನು ಕೈಗೇ ತಂದುಕೊಟ್ಟ ಮೇಲೆ, ಹೇಳುವುದಕ್ಕೆ ನೆಪವೇನೂ ಉಳಿಯದೆ ಹೊರಟೆವು.

ಹೊರಡುವ ಮುನ್ನ ನಾನು ಪಾಠಶಾಲೆಯ ವೇಳಾಪಟ್ಟಿಯಂತೆಯೇ ಒಂದು ಪಟ್ಟಿಯನ್ನು ತಯಾರಿಸಿದೆನು. ಒಂದೇ ಹಗಲಿನಲ್ಲಿ, ಊರಿನ ಮೂಡಣ ತುದಿಯಿಂದ ಪಡುವಣ ತುದಿಯವರೆಗೆ, ಹತ್ತು ಸ್ಥಳಗಳು. ಆಕೆ ಅದನ್ನು ಓದಿ, "ಊಟಕ್ಕೆ ಅರ್ಧ ಗಂಟೆ ಕೊಟ್ಟಿದ್ದೀರಲ್ಲ, ಅದೇ ದೊಡ್ಡದು" ಎಂದಳು. ನನಗೆ ಆ ಮಾತು ಎರಡನೆಯ ಸಲ ಹೇಳಿದಾಗ ಕೇಳಿಸಿತು. ಇದನ್ನು ಈಗ ಏಕೆ ಬರೆಯುತ್ತಿದ್ದೇನೆಂಬುದು ಮುಂದೆ ತಿಳಿಯುವುದು.

ಊರಿನ ಹೆಸರಿನ ವಿಷಯವಾಗಿ ಒಂದು ಮಾತು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿಯೇ ಇದು ವಿಜಯಪುರವಾಗಿದ್ದಿತು. ವಕಾರ ಬಕಾರಗಳು ಒಂದಕ್ಕೊಂದು ಸ್ಥಾನ ಬಿಟ್ಟುಕೊಡುವುದು ಭಾಷಾಶಾಸ್ತ್ರವನ್ನು ಬಲ್ಲವರಿಗೆ ಹೊಸದಲ್ಲ. ಜನರ ಬಾಯಲ್ಲಿ ಅದು ಬಿಜಾಪುರವಾಯಿತು. 2014ನೆಯ ಇಸವಿ ನವೆಂಬರಿನಲ್ಲಿ ಸರ್ಕಾರದ ಕಾಗದಪತ್ರಗಳಲ್ಲಿಯೂ ಹಳೆಯ ಹೆಸರು ಮರಳಿ ಬಂದಿತು. ಯೂಸುಫ್ ಆದಿಲಖಾನನು ಹದಿನೈದನೆಯ ಶತಮಾನದ ಕಡೆಯಲ್ಲಿ ಇಲ್ಲಿ ಸ್ಥಾಪಿಸಿದ ರಾಜ್ಯವು 1686ರಲ್ಲಿ ಔರಂಗಜೇಬನ ಕೈಸೇರುವವರೆಗೆ ನಡೆಯಿತು. ನಾವು ನೋಡಿದ್ದರಲ್ಲಿ ಮುಖ್ಯವಾದುವೆಲ್ಲ ಆ ಎರಡು ಶತಮಾನಗಳ ಕೆಲಸ.

ಹಿಂದಿನ ಸಂಜೆಯೇ ಬಂದು ರೈಲುನಿಲ್ದಾಣದ ಸಮೀಪದಲ್ಲಿ ಇಳಿದುಕೊಂಡಿದ್ದೆವು. ಬೆಳಗ್ಗೆ ಸೂರ್ಯೋದಯಕ್ಕೆ ಮೊದಲೇ ಎದ್ದು, ಸ್ನಾನ ಸಂಧ್ಯೆಗಳನ್ನು ಮುಗಿಸಿ, ಗುಂಬಜಿನ ಕಡೆಗೆ ಕಾಲ್ನಡಿಗೆಯಲ್ಲಿ ಹೊರಟೆವು. ಮಂಜಿನ ನಡುವೆ ಆ ಬೃಹತ್ತಾದ ಗೋಳವು ಮೇಲೇಳುತ್ತಿರುವುದನ್ನು ಕಂಡು ನಾನು ದಾರಿಯ ನಡುವೆಯೇ ನಿಂತುಬಿಟ್ಟೆನು. ಅಷ್ಟರಲ್ಲಿ ನನ್ನ ರಟ್ಟೆಯನ್ನು ಯಾರೋ ಬಲವಾಗಿ ಹಿಡಿದೆಳೆದಂತಾಯಿತು. ತಿರುಗಿ ನೋಡಿದರೆ ಮನೆಯಾಕೆ. ಒಂದು ಮೋಟಾರು ವಾಹನವು ನನ್ನ ಪಂಚೆಯ ಅಂಚನ್ನು ಸವರಿಕೊಂಡೇ ಹೋಯಿತು. "ಅಷ್ಟು ಹೊತ್ತು ಹಾರನ್ ಹೊಡೆದನಲ್ಲ!" ಎಂದು ಆಕೆ ನಡುಗುವ ದನಿಯಲ್ಲಿ ಹೇಳಿದಳು. ನಾನು, "ಹಾಗೆ ಎಳೆದರೆ ಬಿದ್ದೇ ಹೋಗುತ್ತಿದ್ದೆ" ಎಂದು ಗದರಿಸಿದೆನು. ಆಕೆ ಪ್ರತಿ ಹೇಳಲಿಲ್ಲ.

ಬಾಗಿಲು ತೆರೆಯುವ ವೇಳೆಗೆ ನಾವೇ ಮೊದಲನೆಯವರಾಗಿ ಒಳಕ್ಕೆ ಹೋದೆವು. ಮಹಮ್ಮದ ಆದಿಲಶಹನು (ಆಳ್ವಿಕೆ 1627ರಿಂದ 1656) ತನ್ನ ಜೀವಮಾನದಲ್ಲಿಯೇ ಕಟ್ಟಲಾರಂಭಿಸಿದ ಗೋರಿಯಿದು. ಒಳಗಿನ ಚೌಕವು ಪ್ರತಿಯೊಂದು ಬದಿಯಲ್ಲಿಯೂ ಸುಮಾರು 135 ಅಡಿ. ನಡುವೆ ಒಂದು ಕಂಬವೂ ಇಲ್ಲ. ಅಷ್ಟು ದೊಡ್ಡ ಚೌಕದಮೇಲೆ ದುಂಡಾದ ಗುಂಬಜನ್ನು ಕೂರಿಸಿದ ಬಗೆಯು ವಿಚಾರಮಾಡತಕ್ಕದ್ದಾಗಿದೆ. ಎರಡು ಚೌಕಗಳನ್ನು ಒಂದರಮೇಲೊಂದು ಓರೆಯಾಗಿ ತಿರುಗಿಸಿಟ್ಟಂತೆ ಎಂಟು ಕಮಾನುಗಳು ಒಂದನ್ನೊಂದು ಛೇದಿಸಿಕೊಂಡು ಮೇಲೇಳುತ್ತವೆ. ಅವುಗಳ ನಡುವಣ ಭಾಗವು ಒಳಕ್ಕೆ ಬಾಗಿ ಬಂದು, ಚೌಕವನ್ನು ಅಷ್ಟಕೋನವನ್ನಾಗಿಯೂ ಅಷ್ಟಕೋನವನ್ನು ವೃತ್ತವನ್ನಾಗಿಯೂ ಮಾಡುತ್ತದೆ. ಗುಂಬಜು ತನ್ನ ಭಾರದಿಂದ ಗೋಡೆಗಳನ್ನು ಹೊರಕ್ಕೆ ತಳ್ಳಲು ನೋಡಿದರೆ, ಒಳಕ್ಕೆ ಬಾಗಿರುವ ಈ ಕಟ್ಟಡದ ಭಾರವು ಅದನ್ನು ತಡೆಯುತ್ತದೆ. ಒಬ್ಬರು ಹೊರಕ್ಕೆ ಜಗ್ಗಿದಾಗ ಮತ್ತೊಬ್ಬರು ಒಳಕ್ಕೆ ಹಿಡಿದಿರುವುದರಿಂದ ಸಂಸಾರವು ನಿಂತಿರುವಂತೆಯೇ ಎಂದು ನಾನೆಂದೆನು. ಇಲ್ಲಿ ಒಳಕ್ಕೆ ಹಿಡಿದಿರುವವರು ಯಾರೆಂದು ಆಕೆ ಕೇಳಿದಳು.

ಪ್ರಪಂಚದಲ್ಲಿ ಇದು ಎರಡನೆಯ ದೊಡ್ಡ ಗುಂಬಜೆಂದು ನಾನು ಮಕ್ಕಳಿಗೆ ಹೇಳುತ್ತಿದ್ದೆನು. ಅದು ಸರಿಯಲ್ಲ. ಹೊರಗಿನ ವ್ಯಾಸ 144 ಅಡಿ, ಒಳಗಿನದು 124 ಅಡಿಗೆ ಸ್ವಲ್ಪ ಹೆಚ್ಚು. ರೋಮಾನಗರದ ಪ್ಯಾಂಥಿಯನ್ನೂ ಸಂತ ಪೀಟರನ ದೇವಾಲಯವೂ ಒಳವ್ಯಾಸದಲ್ಲಿ ಇದಕ್ಕಿಂತ ದೊಡ್ಡವು. ನನ್ನಿಂದ ತಪ್ಪು ಕಲಿತ ಶಿಷ್ಯರು ಈ ಪತ್ರಿಕೆಯನ್ನು ಓದುತ್ತಿದ್ದರೆ ತಿದ್ದಿಕೊಳ್ಳಬೇಕಾಗಿ ಕೋರುತ್ತೇನೆ. ಕಟ್ಟಡದ ಹಿರಿಮೆಗೆ ಇದರಿಂದ ಕುಂದೇನೂ ಇಲ್ಲ.

ಮೂಲೆಯ ಗೋಪುರವು ಏಳು ಅಂತಸ್ತಿನದು. ಕಲ್ಲಿನ ಮೆಟ್ಟಿಲುಗಳು ಕಡಿದಾಗಿಯೂ ಇಕ್ಕಟ್ಟಾಗಿಯೂ ಇವೆ. ನನ್ನ ಮನೆಯಾಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದಾದಳು. ಮೂರನೆಯ ಅಂತಸ್ತಿನಲ್ಲಿ ನಾನು ಕಿಟಕಿಯ ಬಳಿ ನಿಂತು ಊರಿನ ನೋಟವನ್ನು ವರ್ಣಿಸಲಾರಂಭಿಸಿದೆನು. ಉಸಿರು ಸಿಕ್ಕಿಕೊಂಡುದರಿಂದ ಎಂದು ಹೇಳಬೇಕಾಗಿಲ್ಲವಷ್ಟೆ. ಆಕೆ ಮೇಲಿನಿಂದ ಏನನ್ನೋ ಹೇಳಿದಳು. ನಾನು ತಿಳಿದವನಂತೆ "ಹೂಂ" ಎಂದೆನು.

ಮೇಲೆ, ಗುಂಬಜಿನ ಬುಡದಲ್ಲಿ, ಒಳಬದಿಗೆ ಸುತ್ತಲೂ ಸುಮಾರು 11 ಅಡಿ ಅಗಲದ ಒಂದು ಮೊಗಸಾಲೆಯಿದೆ. ನೆಲದಿಂದ ನೂರು ಅಡಿಗೂ ಮೇಲಿರುವ ಇದೇ ಪ್ರಸಿದ್ಧವಾದ ಪಿಸುಮಾತಿನ ಮೊಗಸಾಲೆ. ಶಬ್ದವು ಆಕಾಶದ ಗುಣವೆಂದು ನೈಯಾಯಿಕರ ಮತ. ಅದು ಹರಡುವ ಬಗೆಯನ್ನು ಹೇಳುವಾಗ ಅವರು ಎರಡು ದೃಷ್ಟಾಂತಗಳನ್ನು ಕೊಡುತ್ತಾರೆ. ಕೊಳದಲ್ಲಿ ಅಲೆಯಿಂದ ಅಲೆ ಹುಟ್ಟಿ ದಡವನ್ನು ಮುಟ್ಟುವಂತೆ ಎಂಬುದು ವೀಚೀತರಂಗನ್ಯಾಯ. ಕದಂಬದ ಮೊಗ್ಗು ಏಕಕಾಲದಲ್ಲಿ ಎಲ್ಲ ಕಡೆಗೂ ಅರಳುವಂತೆ ಎಂಬುದು ಕದಂಬಮುಕುಲನ್ಯಾಯ. ಬಯಲಿನಲ್ಲಿ ಮಾತು ಕದಂಬದಂತೆ ಎಲ್ಲ ದಿಕ್ಕಿಗೂ ಹರಡಿ ಬಡವಾಗುತ್ತದೆ. ಇಲ್ಲಿಯಾದರೋ ದುಂಡಾದ ಗೋಡೆಯು ಅದನ್ನು ಚೆದರಗೊಡದೆ ತನ್ನ ಮೈಯನ್ನೇ ಅನುಸರಿಸಿ ಆಚೆಗೆ ದಾಟಿಸುತ್ತದೆ. ಇದನ್ನೆಲ್ಲ ಆಕೆಗೆ ವಿವರಿಸಿದ ಮೇಲೆ, "ನೀನು ಆ ಬದಿಗೆ ಹೋಗಿ ಗೋಡೆಯ ಕಡೆಗೆ ಮುಖಮಾಡಿ ಏನಾದರೂ ಮೆಲ್ಲಗೆ ಹೇಳು, ನಾನು ಇಲ್ಲಿ ಕೇಳುತ್ತೇನೆ" ಎಂದೆನು.

ಆಕೆ ನಡೆದುಹೋಗಿ ಎದುರು ಬದಿಯಲ್ಲಿ ನಿಂತಳು. ನಾನು ಗೋಡೆಗೆ ಕಿವಿಯಿಟ್ಟೆನು. ಪಾರಿವಾಳಗಳ ರೆಕ್ಕೆಯ ಸದ್ದು ನಿಂತಿತು. ಆಗ ನನ್ನ ಪಕ್ಕದಲ್ಲಿಯೇ ನಿಂತು ಹೇಳಿದಂತೆ ಆಕೆಯ ದನಿ ಕೇಳಿಸಿತು.

"ಅಂದರೆ, ನನ್ನ ಮಾತು ಈಗ ಕೇಳಿಸುತ್ತಿದೆಯೇ? ಬೆಳಗ್ಗೆ ಆ ಗಾಡಿಯ ಸದ್ದು ನಿಮಗೆ ಕೇಳಿಸಲಿಲ್ಲ. ಎರಡು ವರ್ಷದಿಂದ ನಿಮಗೆ ಕಿವಿ ಮಂದವಾಗಿದೆ. ಮನೆಯಲ್ಲಿ ಇದನ್ನು ಹೇಳಬೇಕಾದರೆ ಕೂಗಿ ಹೇಳಬೇಕು. ಕೂಗಿದರೆ ಬೀದಿಗೆಲ್ಲ ತಿಳಿಯುತ್ತದೆ, ನಿಮಗೆ ಅವಮಾನವಾಗುತ್ತದೆ ಎಂದು ಸುಮ್ಮನಿದ್ದೆ. ಪಕ್ಕದ ಮನೆಯವರು ನನ್ನನ್ನು ಜಗಳಗಂಟಿ ಎಂದುಕೊಂಡಿದ್ದಾರೆ. ಅದಕ್ಕೂ ನನಗೆ ಬೇಸರವಿಲ್ಲ. ಆದರೆ ಇವತ್ತು ಎಳೆಯುವುದಕ್ಕೆ ನಾನಿದ್ದೆ. ಊರಿಗೆ ಹೋದ ಮೇಲೆ ಕಿವಿಯನ್ನು ವೈದ್ಯರಿಗೆ ತೋರಿಸಿ."

ಇದಕ್ಕೆ ನಾನು ಏನನ್ನೂ ಹೇಳಲಿಲ್ಲ. ಹೇಳಿದ್ದರೆ ಆಕೆಗೆ ಕೇಳಿಸುತ್ತಿದ್ದಿತು. ಅಷ್ಟರಲ್ಲಿ ಯಾವುದೋ ಪಾಠಶಾಲೆಯ ಮಕ್ಕಳ ಗುಂಪೊಂದು ಮೇಲೆ ಬಂದು ಸೀಟಿ ಹೊಡೆದು ಕೂಗಲಾರಂಭಿಸಿತು. ಒಂದು ಕೂಗು ಏಳಾಯಿತೋ ಹತ್ತಾಯಿತೋ, ಎಣಿಸುವ ಮನಸ್ಸು ನನಗಿರಲಿಲ್ಲ. ನಾವು ಕೆಳಗಿಳಿದೆವು.

ಗುಂಬಜಿನ ಎದುರಿಗಿರುವ ನಗಾರಖಾನೆಯಲ್ಲಿ 1892ರಲ್ಲಿ ಸ್ಥಾಪಿತವಾದ ವಸ್ತುಸಂಗ್ರಹಾಲಯವಿದೆ. ಅಲ್ಲಿ ಫಾರ್ಸಿ ಅರಬ್ಬಿ ಲಿಪಿಯ ಶಾಸನಗಳ ಜೊತೆಯಲ್ಲಿಯೇ ಕನ್ನಡ ಸಂಸ್ಕೃತ ಶಾಸನಗಳೂ ಜಿನಬಿಂಬಗಳೂ ಇವೆ. ಬೇರೊಂದು ದಿನವಾಗಿದ್ದರೆ ಆ ಕಲ್ಲುಗಳ ಮುಂದೆ ಅರ್ಧ ದಿನ ಕುಳಿತಿರುತ್ತಿದ್ದೆನು. ಅಂದು ಪಟ್ಟಿಯನ್ನು ನೆಪಮಾಡಿಕೊಂಡು ಬೇಗ ಹೊರಬಿದ್ದೆನು. ಬಾಗಿಲಲ್ಲಿ ಒಂದು ಟಾಂಗಾ ನಿಂತಿತ್ತು. "ಬರ್ರಿ ಯಜಮಾನ್ರ, ಎಲ್ಲಾ ತೋರಸ್ತೀನಿ; ಅಮ್ಮಾರ, ಹತ್ರಿ" ಎಂದು ಟಾಂಗಾದವನು ಕರೆದನು. ಇಡೀ ದಿವಸಕ್ಕೆ ಅವನನ್ನೇ ಗೊತ್ತುಮಾಡಿಕೊಂಡೆವು.

ಜುಮ್ಮಾ ಮಸೀದಿಯನ್ನು ಒಂದನೆಯ ಅಲಿ ಆದಿಲಶಹನು, ಈ ಜಿಲ್ಲೆಯ ರಕ್ಕಸಗಿ ತಂಗಡಗಿಗಳ ಹೆಸರಿನಲ್ಲಿಯೂ ಪ್ರಸಿದ್ಧವಾದ 1565ರ ತಾಳಿಕೋಟೆಯ ಯುದ್ಧದ ತರುವಾಯ, ಕಟ್ಟಿಸಲಾರಂಭಿಸಿದನು. ನೆಲದಮೇಲೆ ಪ್ರಾರ್ಥನೆಗಾಗಿ 2,250 ಚೌಕಗಳನ್ನು ಗುರುತಿಸಿದ್ದಾರೆ. ಒಬ್ಬೊಬ್ಬರಿಗೆ ಒಂದೊಂದು. ವಿಸ್ತಾರವಾದ ಆ ಕಮಾನುಗಳ ಸಾಲಿನಲ್ಲಿ ಅಲಂಕಾರವು ಮಿತ. ಪಡುವಣ ಗೋಡೆಯ ಗೂಡು ಮಾತ್ರ ಹೊನ್ನಿನ ಬರೆಹದಿಂದ ಹೊಳೆಯುತ್ತದೆ. ಅಲ್ಲಿಯ ನಿಶ್ಶಬ್ದವು ಇತರರಿಗೆ ಎಷ್ಟು ಹಿತವಾಗಿತ್ತೋ ಕಾಣೆ. ಇದರಲ್ಲಿ ಎಷ್ಟು ಪಾಲು ಮಸೀದಿಯದು, ಎಷ್ಟು ಪಾಲು ನನ್ನ ಕಿವಿಯದು ಎಂಬ ಯೋಚನೆ ನನ್ನನ್ನು ಹಿಡಿಯಿತು.

ಒಂದು ಖಾನಾವಳಿಯಲ್ಲಿ ಊಟ. ಬಿಸಿಯಾದ ಜೋಳದ ರೊಟ್ಟಿ, ಬದನೆಕಾಯಿಯ ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಬಡಿಸುವವನು ಏನೋ ಕೇಳಿದನು. ನಾನು ಬೇಡವೆಂದು ಕೈಯಾಡಿಸಿದೆನು. ಅವನು ಹೋದ ಮೇಲೆ ಮನೆಯಾಕೆ, ತನ್ನ ತಟ್ಟೆಯ ಬೆಣ್ಣೆಯಲ್ಲಿ ಅರ್ಧವನ್ನು ಮಾತಿಲ್ಲದೆ ನನ್ನ ರೊಟ್ಟಿಯ ಮೇಲಿಟ್ಟಳು. ಬೇಡವೆಂದದ್ದು ಬೆಣ್ಣೆಯನ್ನೆಂದು ಆಗ ತಿಳಿಯಿತು.

ಮಧ್ಯಾಹ್ನ ಮೆಹತರ ಮಹಲಿನ ಕಲ್ಲಿನ ತೊಲೆಗಳ ಮರಗೆಲಸದಂತಹ ಕೆತ್ತನೆಯನ್ನು ನೋಡಿ, ಅರಕಿಲ್ಲೆಯೊಳಗೆ ಗಗನಮಹಲನ್ನು ಕಂಡೆವು. ಅದರ ನಡುಗಮಾನು ಅಗಲವಾದದ್ದು. ಮೇಲಿನ ಮಾಳಿಗೆಯು ಹೋಗಿ, ಹೆಸರಿಗೆ ತಕ್ಕಂತೆ ಈಗ ಗಗನವೇ ಮಾಡಾಗಿದೆ. ಕಡೆಯ ಸುಲ್ತಾನನಾದ ಸಿಕಂದರನನ್ನು 1686ರಲ್ಲಿ ಬೆಳ್ಳಿಯ ಸಂಕೋಲೆ ತೊಡಿಸಿ ಔರಂಗಜೇಬನ ಮುಂದೆ ಇಲ್ಲಿಯೇ ನಿಲ್ಲಿಸಿದರೆಂದು ಹೇಳುತ್ತಾರೆ. ಅಲ್ಲಿಂದ ಬಾರಾ ಕಮಾನಿಗೆ. ಎರಡನೆಯ ಅಲಿ ಆದಿಲಶಹನು ತಂದೆಯ ಗೋರಿಯನ್ನು ಮೀರಿಸಬೇಕೆಂದು ಆರಂಭಿಸಿ, 1672ರಲ್ಲಿ ತಾನು ಗತಿಸಿದುದರಿಂದ ಅರ್ಧಕ್ಕೆ ನಿಂತ ಕಟ್ಟಡವಿದು. ಮೇಲ್ಛಾವಣಿಯಿಲ್ಲದ ಕರಿಯ ಕಮಾನುಗಳು ಆಕಾಶದ ಕಡೆಗೆ ನಿಂತಿವೆ. ಮುಂದೆ ಮಾಡೋಣವೆಂದು ಬಿಟ್ಟ ಕೆಲಸದ ಗತಿ ಹೀಗೆಯೇ ಎಂದು ಆಕೆಗೆ ಹೇಳಹೊರಟು, ಆ ಉಪದೇಶವು ಯಾರಿಗೆ ತಗಲುವುದೆಂಬುದು ಹೊಳೆದು, ಬಾಯಿ ಮುಚ್ಚಿಕೊಂಡೆನು.

ಉಪ್ಪಲಿ ಬುರುಜು 1584ರಲ್ಲಿ ಹೈದರಖಾನನು ಕಟ್ಟಿಸಿದ್ದು. ಎತ್ತರ ಸುಮಾರು 80 ಅಡಿ. ಹೊರಮೈಗೇ ಸುತ್ತಿಕೊಂಡು ಕಲ್ಲಿನ ಸೋಪಾನವಿದೆ. ಮೂರು ಗಂಟೆಯ ಬಿಸಿಲು. "ನೀನು ಕೆಳಗೇ ಇರು" ಎಂದು ನಾನು ಹೇಳುವುದರೊಳಗಾಗಿ ಆಕೆ ಅರ್ಧಕ್ಕೆ ಏರಿಯಾಗಿದ್ದಳು. ಮೇಲೆ ಸುಮಾರು 30 ಅಡಿ ಉದ್ದದ ಕಬ್ಬಿಣದ ತೋಪು ಮಲಗಿದೆ. ಸುತ್ತಲೂ ಸುಮಾರು ಆರು ಮೈಲಿಯ ಕೋಟೆಯ ಗೋಡೆಯೂ, ಬೆಳಗ್ಗೆ ನಾವು ಬಿಟ್ಟುಬಂದ ಗೋಲಗುಂಬಜವೂ ಒಂದೇ ನೋಟಕ್ಕೆ ಕಾಣುತ್ತವೆ. "ಅಷ್ಟು ದೂರದಿಂದ ಬಂದೆವೇ!" ಎಂದು ಆಕೆ ಮಗುವಿನಂತೆ ಸಂತೋಷಪಟ್ಟಳು.

ಅಲ್ಲಿಗೆ ಸಮೀಪದಲ್ಲಿಯೇ ಶೆರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್, ಎಂದರೆ ರಣರಂಗದ ಒಡೆಯ. 1549ರಲ್ಲಿ ಅಹಮದನಗರದಲ್ಲಿ ಮಹಮ್ಮದ ಬಿನ್ ಹುಸೇನ್ ರೂಮಿ ಎಂಬ ಶಿಲ್ಪಿ ಎರಕಹೊಯ್ದ ಈ ಫಿರಂಗಿಯ ಉದ್ದ 14 ಅಡಿಗೆ ಸ್ವಲ್ಪ ಹೆಚ್ಚು, ತೂಕ ಸುಮಾರು 55 ಟನ್. ಇದರ ಬಾಯಿಯು ಆನೆಯನ್ನು ನುಂಗುತ್ತಿರುವ ಸಿಂಹದ ಬಾಯಿ. 1854ರಲ್ಲಿ ಇದನ್ನು ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ. ಪುಣ್ಯಕ್ಕೆ ಆ ಹರಾಜು ರದ್ದಾಯಿತು. ಒಳ್ಳೆಯ ಕಂಚಾದುದರಿಂದ ತಟ್ಟಿದರೆ ಗಂಟೆಯಂತೆ ನುಡಿಯುತ್ತದೆಂದು ಪ್ರತೀತಿ. ಅಲ್ಲಿ ಆಡುತ್ತಿದ್ದ ಒಬ್ಬ ಹುಡುಗನು ಒಂದು ಸಣ್ಣ ಕಲ್ಲಿನಿಂದ ತಟ್ಟಿದನು. "ಎಷ್ಟು ಇಂಪಾಗಿದೆ!" ಎಂದು ಮನೆಯಾಕೆ ಹೇಳಿದಳು. ನನಗೆ ಕಲ್ಲು ತಗಲಿದ ಸದ್ದು ಕೇಳಿಸಿತು. ಅದರ ಮೇಲಿನ ನಾದವು ಕೇಳಿಸಲಿಲ್ಲ. ಇನ್ನೊಮ್ಮೆ ತಟ್ಟಲು ಹೇಳಿದೆನು. ಹುಡುಗನ ಮುಖವೂ ಆಕೆಯ ಮುಖವೂ ಅರಳಿದುವು. ನನಗೆ ಅದೇ ಬರಿಯ ಸದ್ದು. ಬೆಳಗ್ಗಿನಿಂದ ಮನಸ್ಸಿನಲ್ಲಿ ನಡೆಸುತ್ತಿದ್ದ ವಾದವನ್ನು ಅಲ್ಲಿಗೆ ಬಿಟ್ಟೆನು.

ಇಬ್ರಾಹೀಮ ರೋಜಾವನ್ನು ಸೇರಿದಾಗ ಹೊತ್ತು ಇಳಿದಿತ್ತು. ಒಂದೇ ಜಗತಿಯಮೇಲೆ ಗೋರಿಯೂ ಮಸೀದಿಯೂ ಎದುರುಬದುರಾಗಿವೆ. ನಡುವೆ ನೀರಿನ ಕೊಳ. ಗೋಲಗುಂಬಜದ ಬಲವು ಇದರಲ್ಲಿಲ್ಲ. ಇದರ ಲಾಲಿತ್ಯವು ಅದರಲ್ಲಿಲ್ಲ. ಕಲ್ಲಿನ ಜಾಲಂದ್ರಗಳನ್ನು ಅಕ್ಷರಗಳ ಆಕಾರದಲ್ಲಿಯೇ ಕೊರೆದಿದ್ದಾರೆ. ಬೆಳಕು ಬರೆಹದ ಮೂಲಕ ಒಳಕ್ಕೆ ಬರುತ್ತದೆ. ಮಲಿಕ್ ಸಂದಲನೆಂಬ ವಾಸ್ತುಶಿಲ್ಪಿಯ ಕೆಲಸವಿದು. ಎರಡನೆಯ ಇಬ್ರಾಹೀಮನು ರಾಣಿ ತಾಜ್ ಸುಲ್ತಾನಳಿಗಾಗಿ ಇದನ್ನು ಸಂಕಲ್ಪಿಸಿದನೆಂದೂ, 1627ರಲ್ಲಿ ತಾನೇ ಮೊದಲು ತೀರಿಹೋಗಿ ಇಲ್ಲಿ ಮಲಗಿದನೆಂದೂ ಹೇಳುವರು. ಸಂಗೀತಪ್ರಿಯನಾದ ಈ ಅರಸನು 'ಕಿತಾಬ್-ಎ-ನೌರಸ್' ಎಂಬ ಗ್ರಂಥದಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ದಖ್ಖನಿ ಭಾಷೆಯಲ್ಲಿ ಸ್ತುತಿಸಿದವನು. ಪ್ರಜೆಗಳು ಅವನನ್ನು ಜಗದ್ಗುರುವೆಂದು ಕರೆದರು.

ಆ ಜಗತಿಯ ಮೆಟ್ಟಿಲಿನಮೇಲೆ ಕುಳಿತಾಗ ನಾನು ಹೇಳಿದೆನು: "ನೀನು ಬೆಳಗ್ಗೆ ಹೇಳಿದ್ದು ನಿಜ. ಪಾಠಶಾಲೆಯ ಕಡೆಯ ವರ್ಷದಲ್ಲಿಯೇ ನನಗೆ ಗೊತ್ತಿತ್ತು. ಹಿಂದಿನ ಬೆಂಚಿನ ಹುಡುಗರು ಉತ್ತರ ಹೇಳಿದರೆ, ಸರಿಯೋ ತಪ್ಪೋ ತಿಳಿಯದೆ, 'ಇನ್ನೊಮ್ಮೆ ಸ್ಪಷ್ಟವಾಗಿ ಹೇಳು' ಎಂದು ಗದರಿಸುತ್ತಿದ್ದೆ. ತಪ್ಪು ಅವರದಾಗಿರಲಿಲ್ಲ."

ಆಕೆ ಗೆದ್ದವಳಂತೆ ಒಂದು ಮಾತನ್ನೂ ಆಡಲಿಲ್ಲ. "ತೋರಿಸೋಣ ಬಿಡಿ. ಮೊದಲು ಎಲ್ಲಾದರೂ ಚಹಾ ಕುಡಿಯೋಣ, ಆ ಟಾಂಗಾದವನೂ ಬೆಳಗ್ಗಿನಿಂದ ಬಿಸಿಲಲ್ಲೇ ಇದ್ದಾನೆ" ಎಂದಳು. ಕತ್ತಲಾಗುವ ಮುನ್ನ 1620ರ ತಾಜ್ ಬಾವಡಿಯನ್ನೂ ಹಣಿಕಿ ನೋಡಿದೆವು. ಪಟ್ಟಿಯ ಹತ್ತು ಸ್ಥಳಗಳಲ್ಲಿ ಒಂಬತ್ತಾದುವು. ಬಿಟ್ಟುಹೋದದ್ದು ಆಸಾರ ಮಹಲು. ಮತ್ತೊಮ್ಮೆ ಬರಲು ಒಂದು ಕಾರಣವಿರಲೆಂದು ಆಕೆಯ ಅಭಿಪ್ರಾಯ.

ಊರಿಗೆ ಬಂದ ವಾರದೊಳಗಾಗಿ ವೈದ್ಯರಲ್ಲಿಗೆ ಹೋದೆನು. ಸದ್ದಿಲ್ಲದ ಒಂದು ಪುಟ್ಟ ಕೋಣೆಯಲ್ಲಿ ಕೂರಿಸಿ, ಕಿವಿಗೆ ಯಂತ್ರವನ್ನಿಟ್ಟು, ಸಣ್ಣ ದೊಡ್ಡ ಸ್ವರಗಳನ್ನು ಕೇಳಿಸಿ, ಒಂದು ನಕ್ಷೆಯನ್ನು ಬರೆದರು. ನೋವೇನೂ ಇಲ್ಲ. ವಯಸ್ಸಿನಿಂದ ಬರುವ ಮಾಂದ್ಯದಲ್ಲಿ ತಾರಸ್ವರಗಳು ಮೊದಲು ನಷ್ಟವಾಗುವುವೆಂದೂ, ಅದರಿಂದ ಮಾತು ಕೇಳಿಸಿದರೂ ಅಕ್ಷರಗಳು ತಿಳಿಯವೆಂದೂ, ಸಕಾರ ಶಕಾರಾದಿಗಳು ಮುಂಚಿತವಾಗಿ ಮಾಯವಾಗುವುವೆಂದೂ ಅವರು ವಿವರಿಸಿದರು. ನನಗೆ ನಗುವೂ ಬಂದಿತು, ನಾಚಿಕೆಯೂ ಆಯಿತು. ಶ ಷ ಸ ಎಂಬ ಊಷ್ಮಾಕ್ಷರಗಳ ಭೇದಕ್ಕಾಗಿ ಎಷ್ಟು ಮಕ್ಕಳನ್ನು ಬೆಂಚಿನಮೇಲೆ ನಿಲ್ಲಿಸಿದ್ದೆನೋ, ಆ ಅಕ್ಷರಗಳೇ ನನ್ನನ್ನು ಮೊದಲು ಬಿಟ್ಟುಹೋಗಿದ್ದುವು. ಬಾಧಿರ್ಯವನ್ನು ಸುಶ್ರುತಸಂಹಿತೆಯು ಕರ್ಣರೋಗಗಳ ಸಾಲಿನಲ್ಲಿ ಎಣಿಸಿರುವುದನ್ನು ನಾನು ಓದಿದ್ದೆನು. ಅಲ್ಲಿ ಅದು ರೋಗವೇ ಹೊರತು ಅಪರಾಧವಲ್ಲ.

ಈಗ ಕಿವಿಯ ಹಿಂದೆ ಒಂದು ಚಿಕ್ಕ ಶ್ರವಣಯಂತ್ರವಿದೆ. ಮೊದಲ ಹತ್ತು ದಿನ ಬಹಳ ಕಿರಿಕಿರಿ; ಪತ್ರಿಕೆಯ ಹಾಳೆ ಮಗುಚುವ ಸದ್ದೂ ಕೊಳಾಯಿಯ ನೀರಿನ ಸದ್ದೂ ಸಿಡಿಲಿನಂತೆ. ತೆಗೆದು ಪೆಟ್ಟಿಗೆಯಲ್ಲಿಡೋಣವೆಂದಿದ್ದೆನು. ಹನ್ನೊಂದನೆಯ ಬೆಳಗ್ಗೆ ಅಡುಗೆಮನೆಯಿಂದ ಸಾಸಿವೆ ಸಿಡಿಯುವುದೂ, ಆಕೆ ತನ್ನಷ್ಟಕ್ಕೆ ಸಣ್ಣ ದನಿಯಲ್ಲಿ ದೇವರನಾಮವನ್ನು ಹಾಡಿಕೊಳ್ಳುವುದೂ ಕೇಳಿಸಿತು. ಆಕೆ ಹಾಡುವುದನ್ನು ನಿಲ್ಲಿಸಿಬಿಟ್ಟಿದ್ದಾಳೆಂದೇ ನಾನು ತಿಳಿದಿದ್ದೆನು.

ವಾಚಕರಲ್ಲಿ ಹಿರಿಯರಾದವರಿಗೆ ನನ್ನ ಪ್ರಾರ್ಥನೆಯಿಷ್ಟೆ. ಕಣ್ಣು ಮಂದವಾದರೆ ಕನ್ನಡಕವನ್ನು ಧರಿಸಲು ನಾವು ನಾಚುವುದಿಲ್ಲ. ಕಿವಿಯ ವಿಷಯದಲ್ಲಿ ಮಾತ್ರ ಏಕೆ ಈ ಅಭಿಮಾನ? ಮನೆಯವರು ಮೂರು ಸಲ ಹೇಳಿದರೆ ನಾಲ್ಕನೆಯ ಸಲಕ್ಕೆ ಕಾಯಬೇಡಿರಿ. ವಿಜಯಪುರಕ್ಕೆ ಹೋಗುವವರಿಗೆ ಇನ್ನೊಂದು ಮಾತು: ಒಂದು ಹಗಲಿನಲ್ಲಿ ಮುಗಿಸಲು ಹೋಗದೆ ಎರಡು ದಿನಗಳನ್ನಿಟ್ಟುಕೊಳ್ಳಿರಿ. ಗೋಲಗುಂಬಜಕ್ಕೆ ಮಾತ್ರ ಬಾಗಿಲು ತೆರೆಯುವ ಹೊತ್ತಿಗೇ ಹೋಗಿರಿ, ಜೊತೆಗೆ ಮನೆಯವರನ್ನು ಕರೆದುಕೊಂಡು. ಎದುರು ಬದಿಯಿಂದ ಏನು ಬರುವುದೋ ಅದನ್ನು ಕೇಳಲು ಸಿದ್ಧರಾಗಿರಿ.

ಮೊನ್ನೆ ಪಕ್ಕದ ಮನೆಯಾಕೆ ನಮ್ಮಲ್ಲಿಗೆ ಬಂದು ಬಹಳ ಕಳವಳದಿಂದ, "ಏನು ಅಕ್ಕ, ಮೈಯಲ್ಲಿ ಹುಷಾರಿಲ್ಲವೇ? ನಿಮ್ಮ ದನಿಯೇ ಕೇಳಿಸುವುದಿಲ್ಲವಲ್ಲ" ಎಂದು ವಿಚಾರಿಸಿ ಹೋದರು.